ಎಂಟು ಕುರಿಗಳ ಕಳ್ಳ

ಲಗಮಣ್ಣ ಕಳ್ಳ. ಇದರಲ್ಲಿ ಹವಾಲ್ದಾರ್ ರಾವಸಾಬನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮಿರಜದಿಂದ ಆರಗಕ್ಕೆ ಹೊರಟ ಬಸ್ಸಿನಲ್ಲಿ, ಆ ಸತ್ತ ಕಳ್ಳನ ಟ್ರಂಕನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದ. ಲಗಮಣ್ಣನ ಫೋಟೋಕ್ಕೆ ಹಾರ ಹಾಕಿ ನಾಲ್ಕು ಮಾತಾಡಿ ಎಂದು ಊರಿನ ಹಾಲಿನ ಸೊಸಾಯಿಟಿಯವರು ಕರೆದಿದ್ದರು. ಹಾರವಂತೆ, ಹಾರ! ಸಂಜೆ ಚೇರಮನ್ನರ ಎದುರಿಗೇ ನಿಜ ಹೇಳಿ, ಆ ಫೋಟೋ ಇಳಿಸಿಯೇ ಹೋಗುವುದೆಂದು ನಿಶ್ಚಯಿಸಿದ್ದ.

ಕುರಿ ಕಾಯುವವನ ಕೈಗೆ ಬಂದೂಕು ಕೊಟ್ಟರೆ ಇನ್ನೇನಾದೀತು? ಸಾಂಗ್ಲಿಯ ಅರಿಸಿನ ಪೇಟೆಯಲ್ಲಿ ಬೆಳೆದ ರಾವಸಾಬನಿಗೆ ಅವನನ್ನು ಕಂಡರೇ ಮೈ ಉರಿಯುತ್ತಿತ್ತು. ಹಿಮದ ನಡುವೆ ಇಬ್ಬರೂ ಇದ್ದ ಸೇನಾ ಠಾಣೆಗೆ ಊಟಕ್ಕೆಂದು ಜೀವಂತ ಕುರಿ ಬರುತ್ತಿದ್ದವು. ಲಗಮಣ್ಣ ಒಂದೊಂದಕ್ಕೂ ಹೆಸರಿಟ್ಟು ಮುದ್ದು ಮಾಡುತ್ತಿದ್ದ. ಬೆಳಿಗ್ಗೆ ನೀರು ತರುವ ಜವಾನರ ಸಾಲು ಹೊರಡುವ ಮೊದಲೇ ಎರಡು ಕುರಿ ಹೊಡೆದುಕೊಂಡು ಅದೇ ದಾರಿಯಲ್ಲಿ ಇಳಿಯುತ್ತಿದ್ದ. ಒಮ್ಮೊಮ್ಮೆ ಒಂದೇ ಕುರಿಯೊಂದಿಗೆ, ಅತ್ತು ಕೆಂಪಾದ ಕಣ್ಣಿನಲ್ಲಿ ಮರಳುತ್ತಿದ್ದ.

“ಬಿದ್ದು ಹೋತ್ರಿ, ಸಾಹೇಬ್ರ. ಇವತ್ತ ಆ ಕಡಿಂದ ಹೋಗೂಣ್ರಿ.”

ಬಿತ್ತಂತೆ! ತೊಗಲಿಲ್ಲ, ಎಲುಬಿಲ್ಲ. ಚಳಿಗಾಲ ಮುಗಿಯುವಷ್ಟರಲ್ಲಿ ಎಂಟು ಕುರಿ ಮಾಯ. ಕೆಳಗಿನ ಹಳ್ಳಿಗೆ ಮಾರಿ, ಹೆಜ್ಜೆ ಗುರುತು ಸಿಗದಿರಲೆಂದು ಸಾಲನ್ನು ಬೇರೆ ದಾರಿಗೆ ಎಳೆಯುತ್ತಾನೆ ಎಂಬುದು ತಿಳಿಯದಷ್ಟು ದಡ್ಡನೇ ರಾವಸಾಬ? ಉಳಿದ ಮೂರನ್ನು ಒಂದೇ ದಿನ ಕೊಯ್ಯಿಸಿದ.

“ಒಂದರ ಬಿಡ್ರಿ, ಸಾಹೇಬ್ರ,” ಎಂದು ಲಗಮಣ್ಣ ಕಾಲಿಗೆ ಬಿದ್ದ.

“ಇನ್ನ ಏನ್ ಕದೀತಿ ಕದಿಯಲೇ!” ಎಂದು ರಾವಸಾಬ ಎಲ್ಲರೆದುರು ನಕ್ಕ.

ನೀರಿನ ಸಾಲಿನಲ್ಲಿ ಮೊದಲು ನಡೆಯುವುದು ಹವಾಲ್ದಾರನ ಹಕ್ಕು. ಮರುದಿನ ಲಗಮಣ್ಣ ಅಪ್ಪಣೆ ಮೀರಿ ಅವನನ್ನು ದಾಟಿ ಮುಂದೆ ಓಡಿದ, ಸತ್ತ. ಶಿಸ್ತಿಲ್ಲದವನ ಹಣೆಬರಹ, ಅಷ್ಟೇ.

ಆರಗದಲ್ಲಿ ಲಗಮಣ್ಣನ ತಾಯಿ ಕಾಡವ್ವ ಅಂಗಳದಲ್ಲಿ ಹೊರಸು ಹಾಕಿ ಚಹಾ ಕೊಟ್ಟಳು. ಟ್ರಂಕನ್ನು ತೆರೆಯಲಿಲ್ಲ, ಸುಮ್ಮನೆ ಅದರ ಮೇಲೆ ಕೈ ಆಡಿಸಿದಳು.

“ಹೆಂಗ ಹೋದಾನ್ರಿ ನನ್ನ ಮಗಾ?”

“ಹೇಳಿದ್ದ ಕೇಳದ ಮುಂದ ಓಡಿದಾ. ಕಾಲ ಕೆಳಗಿನ ಹಿಮಾ ಬಾಯಿ ಬಿಡ್ತು. ಹೆಣಾನೂ ಸಿಗಲಿಲ್ಲ.”

“ಅವನ ಹಂತ್ಯಾಕ ಕುರಿ ಇರಲಿಲ್ಲೇನ್ರಿ?”

ಮಗ ಸತ್ತರೂ ಇವಳಿಗೆ ಕುರಿಯದೇ ಚಿಂತೆ! ರಾವಸಾಬ ಮುಖ ಸಿಂಡರಿಸಿದ. “ಇಲ್ಲ. ಹಿಂದಿನ ದಿನಾನ ಎಲ್ಲಾ ಕೊಯ್ಸಿದ್ದೆ.”

ಕಾಡವ್ವ ಟ್ರಂಕನ್ನು ತನ್ನತ್ತ ಎಳೆದುಕೊಂಡಳು.

“ಹಂಗಂದ್ರ ಮತ್ತೇನ ಮಾಡ್ಯಾನ್ರಿ. ನೆರಿ ಇಳದ ಮ್ಯಾಲ ಕೃಷ್ಣಾ ಹೊಳಿ ದಾಟುಮುಂದ ಕೆಸರ ಎಲ್ಲಿ ನುಂಗತೈತಿ ಗೊತ್ತಾಗೂದಿಲ್ಲ. ಮೊದಲ ಕುರಿ ಬಿಡತೇವಿ. ಅದು ಮುಳುಗಿದ್ರ ಮಂದಿ ಬ್ಯಾರೆ ದಾರಿ ಹಿಡೀತಾರ. ಕುರಿ ಇಲ್ಲಂದ್ರ ಕುರಿ ಕಾಯಾವ ತಾನೇ ಮುಂದ ಹೋಗಬೇಕು. ಹಿರೇರಿಂದ ಬಂದದ್ದು. ಅದನ್ನೇನ ಬಾಯಿ ಬಿಟ್ಟು ಹೇಳೂದ್ರಿ, ಎಲ್ಲಾರಿಗೂ ಗೊತ್ತಿರೂದ.”

ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಆವತ್ತ ಅವನ ಬೆನ್ನ ಹಿಂದ ಇದ್ದಾವ ಉಳಿದಾನಿಲ್ರಿ, ಸಾಹೇಬ್ರ?”

ಹಿಂದಿದ್ದವನು ಅವಳ ಹೊರಸಿನ ಮೇಲೆ ಚಹಾದ ಬಟ್ಟಲು ಹಿಡಿದು ಕೂತಿದ್ದ.