ಆನೆ ಗ್ರೂಪಿನ ಬೀಗ

“ಪ್ರಮಿಳಾ, ಆಗಿಂದ ಫೋನ್ ಹಚ್ಚಾಕತ್ತೇನಿ! ನಿನ್ನ ಗ್ರೂಪಿನ್ಯಾಗ ಮಾತಾಡಾಕ ಬರವಲ್ದು. ಕೆರಿ ಬಾಜು ಆನಿ ಬಂದಾವ. ನಿಮ್ಮವ್ವ ಆಡು ಹೊಡಕೊಂಡು ಅದ ದಾರೀಲೆ ಬರಾಕತ್ತಾಳ. ಫೋನ್ ಮನ್ಯಾಗ ಬಿಟ್ಟು ಹೋಗ್ಯಾಳ!”

ಬೀಡಿ ಎಂಬ ತನ್ನೂರಿನಿಂದ ಅಪ್ಪ ಕರೆಪ್ಪನ ದನಿ ಕೇಳಿ, ಮಚ್ಛೆಯ ಕಾರ್ಖಾನೆಯಿಂದ ಹೊರಬಂದು ಬಸ್ಸಿಗೆ ನಿಂತಿದ್ದ ಪ್ರಮಿಳಾ ಕೂಡಲೇ ಗ್ರೂಪ್ ತೆರೆದಳು. ಆನೆ ಬಂದರೆ ಖಾನಾಪುರದ ಕಾಡಂಚಿನ ಊರುಗಳು ಒಂದಕ್ಕೊಂದು ತಿಳಿಸಲೆಂದು ಆ ವಾಟ್ಸಾಪ್ ಗ್ರೂಪ್ ಕಟ್ಟಿದವಳು ಅವಳೇ. ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯದಂತೆ ಮೊನ್ನೆ ಬೀಗ ಹಾಕಿದವಳೂ ಅವಳೇ.

ಹಾಕದೆ ವಿಧಿಯಿರಲಿಲ್ಲ. “ಮರಾಠಿ ಮಂದಿ ಊರಿಗೆ ಆನಿ ಹೊಕ್ಕರ ನಮಗ್ಯಾಕ ಹೇಳ್ತೀರಿ? ತುಳೀಲಿ ಬಿಡ್ರಿ” ಎಂದು ಅವಳದೇ ಊರಿನ ಈರಣ್ಣ ಬರೆದಿದ್ದ. ಆ ಕಡೆಯವನೊಬ್ಬ ಅದಕ್ಕಿಂತ ಹೊಲಸಾಗಿ ಮರಾಠಿಯಲ್ಲಿ ಉತ್ತರ ಕೊಟ್ಟಿದ್ದ. ಸಂಜೆಯೊಳಗೆ ಹೆಂಗಸರು ಒಬ್ಬೊಬ್ಬರಾಗಿ ಗ್ರೂಪ್ ಬಿಡತೊಡಗಿದ್ದರು. ಬೀಗ ಬಿದ್ದ ಮೇಲೆ ಎಲ್ಲ ಶಾಂತವಾಗಿತ್ತು. ಒಳ್ಳೆಯದೇ ಮಾಡಿದೆ ಎಂದುಕೊಂಡಿದ್ದಳು.

ಈಗ ಬೀಗ ತೆಗೆದು, “ಕೆರಿ ದಾರಿಗೆ ಆನಿ ಬಂದಾವ. ನಮ್ಮವ್ವ ಆಡಿನ ಜೋಡಿ ಅಲ್ಲೇ ಅದಾಳ. ಕಂಡವರು ಹೇಳ್ರಿ” ಎಂದು ಎರಡೂ ಭಾಷೆಯಲ್ಲಿ ಬರೆದಳು.

ಮೊದಲು ಬಂದದ್ದು ಈರಣ್ಣನೇ. “ಮರಾಠ್ಯಾಗ ಯಾಕ ಬರದಿ?” ಅದರ ಬೆನ್ನಿಗೊಂದು ಬೈಗುಳ. ಪ್ರಮಿಳಾ ಈ ಸಲ ಗ್ರೂಪ್ ಮುಚ್ಚಲಿಲ್ಲ. ಬೈಗುಳ ಅಳಿಸಿ ಅವನನ್ನು ತೆಗೆದುಹಾಕಿದಳು. “ಯಾವ ಭಾಷಾದಾಗ ಬೈದ್ರೂ ಹೊರಗ. ಉಳದವರು ಹೇಳ್ರಿ” ಎಂದು ಬರೆದಳು.

ಆಮೇಲೆ ಒಂದರ ಮೇಲೊಂದು ಬಂದವು. ಕಬ್ಬಿನ ಹೊಲ ದಾಟ್ಯಾವ. ರಸ್ತಾಕ್ಕ ಬಂದಾವ. ಗಾಡಿ ನಿಂದರಿಸ್ರಿ. ಅರ್ಧ ಕನ್ನಡ, ಅರ್ಧ ಮರಾಠಿ. ನಡುವೆ ಪಕ್ಕದೂರಿನ ಸಪ್ನಾಳ ವಾಯ್ಸ್ ಮೆಸೇಜು. ಮೊನ್ನೆ ಬೈಗುಳ ತಾಳದೆ ಗ್ರೂಪ್ ಬಿಡುತ್ತೇನೆಂದು ಅತ್ತಿದ್ದ ಮರಾಠಿ ಹುಡುಗಿ ಅವಳು.

“ಅಕ್ಕಾ, ಘಾಬರಿ ಆಗಬ್ಯಾಡ. ನೀ ಬರದದ್ದು ನೋಡಿ ನಮ್ಮ ಮನಿಮಂದಿ ಓಡಿಹೋಗಿ ನಿಮ್ಮವ್ವ ಸಾತವ್ವ ಮಾವಶೀನ ಕರಕೊಂಡು ಬಂದಾರ. ಆಡು ಸೈತ ನಮ್ಮ ಅಂಗಳದಾಗ ಅದಾವ.”

ಪ್ರಮಿಳಾ ಬಸ್‌ಸ್ಟಾಪಿನ ಕಟ್ಟೆಯ ಮೇಲೆ ಕೂತಳು. ಬಸ್ಸು ಬಂದು ನಿಂತು ಹೋದದ್ದೂ ತಿಳಿಯಲಿಲ್ಲ.

ಅಷ್ಟರಲ್ಲಿ ಯಾರೋ ವಿಡಿಯೊ ಹಾಕಿದರು. ಇಳಿಬಿಸಿಲಿನ ರಸ್ತೆ. ಎರಡೂ ಕಡೆ ಬೈಕು, ಟೆಂಪೋ, ಟ್ರ್ಯಾಕ್ಟರು ಬಂದ್ ಮಾಡಿಕೊಂಡು ಜನ ನಿಂತಿದ್ದಾರೆ. ನಡುವೆ ತಾಯಿಯಾನೆ. ಕೆಂಪು ಮಣ್ಣು ಮೆತ್ತಿದ ಆ ಮೈ ಎಷ್ಟು ದೊಡ್ಡದೆಂದರೆ ಆಚೆಯ ಟ್ರ್ಯಾಕ್ಟರೇ ಮರೆಯಾಗಿದೆ. ಅದು ಅವಸರವಿಲ್ಲದೆ, ಅಂಚಿನಲ್ಲೇ ಉಳಿದ ಮರಿಗಾಗಿ ಕಾಯುತ್ತಿದೆ. ಮರಿ ಡಾಂಬರಿನ ಮೇಲೆ ಕಾಲಿಟ್ಟು, ಅಂಜಿ ಹಿಂದೆಗೆದು, ಮತ್ತೆ ಇಟ್ಟಿತು. ಅಷ್ಟು ಜನರ ಗ್ರೂಪಿನಲ್ಲಿ ಒಬ್ಬರೂ ಒಂದಕ್ಷರ ಬರೆಯುತ್ತಿರಲಿಲ್ಲ.

ವಿಡಿಯೊದಲ್ಲಿ ಯಾರೋ ಗಂಡಸು ಮರಿಗೆ ಪಿಸುಗುಟ್ಟಿದ: “ಸಾವಕಾಶ... ಸಾವಕಾಶ...”

ಎರಡೂ ಭಾಷೆಗೆ ಸಲ್ಲುವ ಆ ಮಾತು ಹೇಳಿದವನು ಕನ್ನಡದವನೋ ಮರಾಠಿಯವನೋ, ಪ್ರಮಿಳಾ ಮತ್ತೆ ಮತ್ತೆ ಹಚ್ಚಿ ಕೇಳಿದಳು. ಗೊತ್ತಾಗಲಿಲ್ಲ.