ಮೂರು ಸಲ ಮೇಡೇ

"ಮೇಡೇ! ಮೇಡೇ! ಮೇಡೇ!"

ರೇಡಿಯೊದ ಕರಕರ ಸದ್ದಿನೊಳಗಿಂದ ದನಿ ಬಂತು. ಮೇಷ್ಟ್ರು ಕ್ರಿಸಾಂತೊ ಅಂಕಪಟ್ಟಿಯನ್ನು ಹತ್ತಿರಕ್ಕೆಳೆದುಕೊಂಡರು. ಅಬ್ಬಾ, ಕೊನೆಗೂ ರುವೆಲ್ ಬಾಯಿ ಬಿಟ್ಟ! ಎರಡು ಸಲ ಡುಮ್ಕಿ ಹೊಡೆದ ಹುಡುಗ. ಈ ಸಲವೂ ಹೋದರೆ ಹಡಗಿನ ಕೆಲಸಕ್ಕೆ ಎಳ್ಳುನೀರು. ಅವನ ತಾಯಿ ಮೊನ್ನೆ ಮಾವಿನ ಬುಟ್ಟಿ ತಂದಿಟ್ಟು, ಬರಿಗೈಯಲ್ಲೇ ಕಣ್ಣೊರೆಸಿಕೊಂಡು ಹೋಗಿದ್ದಳು.

ಇಲೊಇಲೊ ಊರಿನ ಆ ನಾವಿಕ ಶಾಲೆಯಲ್ಲಿ ರೇಡಿಯೊ ಪರೀಕ್ಷೆಯ ಪದ್ಧತಿಯೇ ಹಾಗೆ. ಹುಡುಗ ದಡದ ದೋಣಿಮನೆಯಲ್ಲಿ ಕೂತು ಮುಳುಗುವವನಂತೆ ಕೂಗಬೇಕು. ಮೇಷ್ಟ್ರು ತಮ್ಮ ಕೋಣೆಯಿಂದ ಕರಾವಳಿ ಠಾಣೆಯವರಂತೆ ಉತ್ತರಿಸಬೇಕು. ಮೀನುಗಾರರ ರೇಡಿಯೊಗೂ ಈ ಕೂಗು ಬೀಳುತ್ತಿತ್ತು. ಅವರಿಗದು ರೂಢಿಯಾಗಿತ್ತು.

"ಎಂಜಿನ್ ನಿಂತಿದ್ಕೆಲ್ಲ ಮೇಡೇ ಅನ್ಬಾರ್ದು," ಮೇಷ್ಟ್ರು ಗದರಿಸಿದರು. "ಪ್ರಾಣಕ್ಕೇ ಕುತ್ತು ಬಂದಾಗ ಮಾತ್ರ ಆ ಮಾತು. ನಿನಗೇನು ಬಂದಿದೆ, ಬಿಡಿಸಿ ಹೇಳು."

"ತಳ ಒಡ್ದೋಗಿದೆ! ನೀರು ಸೊಂಟಕ್ಕೆ ಬಂತು! ಮಕ್ಳಿದಾರೆ ಸರ್, ಬೇಗ!"

ಭೇಷ್! "ಅಳಬೇಡ. ಅಳೋನ ಮಾತು ಯಾರಿಗೂ ತಿಳಿಯಲ್ಲ. ದೋಣಿ ಹೆಸರು?"

"ಸಾಂತಾ ರೀಟಾ! ಗಿಮರಾಸ್ ದ್ವೀಪದ ತುದಿ, ಬಂಡೆ ಹತ್ರ!"

ಪಾಠದಲ್ಲಿ ಕೊಟ್ಟ ಹೆಸರು ಸ್ಟೆಲ್ಲಾ. ಮರೆತಿದ್ದಾನೆ, ಮಂಕುದಿಣ್ಣೆ. ಎರಡು ಅಂಕ ಹೋಯಿತು. ಹಿಂದೆ ಮಗು ಅಳುವ ಸದ್ದು ಬೇರೆ. ಗೆಳೆಯರೆಲ್ಲ ಸೇರಿ ನಾಟಕ ಹೂಡಿದ್ದಾರೆಂದು ಮೇಷ್ಟ್ರಿಗೆ ನಗು ಬಂತು.

ನಡುವೆ ಬೆಸ್ತ ಕಾರ್ದಿಂಗನ ಗೊಗ್ಗರು ದನಿ ತೂರಿತು. "ಮೇಷ್ಟ್ರೇ, ಇದು ನಿಮ್ಮ ಹುಡುಗ್ರಾಟಾನಾ, ನಿಜಾನಾ? ನಾನು ಆ ಬಂಡೆ ಹತ್ರಾನೇ ಇದೀನಿ. ಬಲೆ ಕಡ್ದು ಹೋಗ್ಲಾ?"

"ಯಾಕೆ ಬಲೆ ಹಾಳು ಮಾಡ್ಕೋತೀಯ ಕಾರ್ದಿಂಗಣ್ಣ? ನಮ್ಮ ರುವೆಲ್ ಪರೀಕ್ಷೆ."

"ಹಾಳಾದೋನು, ಎದೆ ಒಡೆಸಿಬಿಟ್ಟ!" ಕಾರ್ದಿಂಗ್ ನಗುತ್ತ ಮರೆಯಾದ.

ಮೊದಲ ದನಿ ಏನೋ ಕಿರುಚಿತು. ಕರಕರದಲ್ಲಿ ಕೇಳಿಸಲಿಲ್ಲ.

"ನಿನ್ನ ಮೇಡೇ ತಲುಪಿತು," ಮೇಷ್ಟ್ರು ಪಾಠದ ಮಾತಿನಲ್ಲೇ ಮುಗಿಸಿದರು. "ರಕ್ಷಣೆಯ ದೋಣಿ ಹೊರಟಿದೆ. ಬೇರೆ ಯಾರನ್ನೂ ಕೂಗಬೇಡ. ಅಲ್ಲೇ ಕಾಯಿ."

"ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಸರ್. ಕಾಯ್ತೀವಿ."

ಆಮೇಲೆ ಮಾತಿಲ್ಲ. ಇಷ್ಟು ಮನಮುಟ್ಟುವಂತೆ ಇದುವರೆಗೆ ಯಾವ ಹುಡುಗನೂ ಮುಗಿಸಿರಲಿಲ್ಲ. ಮೇಷ್ಟ್ರ ಕಣ್ಣು ಒದ್ದೆಯಾಯಿತು. ಕಳೆದಿದ್ದ ಅಂಕವನ್ನೂ ಮರಳಿ ಸೇರಿಸಿ, ಪಾಸು ಎಂದು ಬರೆದು, ರೇಡಿಯೊ ಆರಿಸಿ, ಅನ್ನದ ಡಬ್ಬಿ ಬಿಚ್ಚಿದರು. ಬಹಳ ದಿನದ ಮೇಲೆ ಊಟ ರುಚಿಸಿತು.

ಕೈ ತೊಳೆಯುವಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಬೆವರಿನಲ್ಲಿ ತೊಯ್ದು ರುವೆಲ್ ನಿಂತಿದ್ದ.

"ತಪ್ಪಾಯ್ತು ಸರ್, ಬರ್ತಿದ್ದ ಜೀಪ್ನಿ ಗಾಡಿ ದಾರೀಲೇ ಕೆಟ್ಟೋಯ್ತು. ಈಗ ದೋಣಿಮನೆಗೆ ಹೋಗಿ ಪರೀಕ್ಷೆ ಶುರು ಮಾಡ್ಲಾ?"