ಸ್ವಾಗತ ಭಾಷಣವಿಲ್ಲದ ಕಾರ್ಯಕ್ರಮ

ಬಾಗಿಲ ಹೊರಗೆ ಚಪ್ಪಲಿಗಳ ರಾಶಿ ಕಂಡ ಕೂಡಲೇ ಹಿತೇಶನಿಗೆ ಸಂಶಯ ಬಂತು. ರಾಶಿಯೆಂದರೆ ಸಣ್ಣದಲ್ಲ, ಅದರ ತುದಿ ಹತ್ತಿ ನಿಂತರೆ ಉಳ್ಳಾಲದ ಕಡಲು ಕಾಣುತ್ತಿತ್ತು. ಅವನ ಸದ್ದಿನ ಸಂಗೀತದ ಕಾರ್ಯಕ್ರಮಕ್ಕೆ ಬರುವ ಖಾಯಂ ಜನ ಚಪ್ಪಲಿ ಕಳಚುವವರಲ್ಲ. ಬೂಟು ಹಾಕಿಕೊಂಡೇ ನೆಲದ ಮೇಲೆ ಮಲಗಿ, ಕಣ್ಣು ಮುಚ್ಚಿ, ಮುಗಿದ ಮೇಲೆ "ಸೂಪರ್" ಎಂದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುವ ಅದೇ ಎಂಟು ಮಂದಿ. ಆ ಮುಖಗಳನ್ನು ನೋಡಿ ನೋಡಿ ಹಿತೇಶನಿಗೆ ವಾಕರಿಕೆ ಶುರುವಾಗಿ ವರ್ಷವಾಗಿತ್ತು.

"ಬಾಡಿಗೆ ಜನವಾ ಇದು?" ಅವನು ತಂಡದ ತೃಪ್ತಿಯನ್ನು ಅಡ್ಡಗಟ್ಟಿದ. ಟಿಕೆಟು, ಪೋಸ್ಟರು, ನೆರೆಮನೆಯವರ ಬೈಗುಳ ಎಲ್ಲವನ್ನೂ ನೋಡಿಕೊಳ್ಳುವವಳು ಅವಳೇ. "ಬಿರಿಯಾನಿ ಕೊಡ್ತೇನೆ ಅಂತ ಹೇಳಿ ಕರ್ಕೊಂಡು ಬಂದದ್ದಾ?"

"ಚಾ ಕೊಡ್ಲಿಕ್ಕೇ ಗತಿ ಇಲ್ಲ, ಬಿರಿಯಾನಿಯಂತೆ! ಸಂಕಪ್ಪಣ್ಣ ಹೇಳಿದ್ರಂತೆ, ಬಂದ್ರಂತೆ. ಜನ ಇಲ್ಲ ಅಂತ ಕೂಗುವವನೂ ನೀನೇ, ಬಂದ್ರೆ ಹೆದರುವವನೂ ನೀನೇ. ಎಂತ ಅವಸ್ಥೆ ಮಾರಾಯ ನಿಂದು!"

ಸಂಕಪ್ಪ ಜೆಪ್ಪುವಿನ ಈ ಹಳೇ ಗೇರುಬೀಜದ ಗೋದಾಮಿನ ಯಜಮಾನರು. ಹೋದ ತಿಂಗಳು ಹಿತೇಶನನ್ನು ಕರೆಸಿ ಹೇಳಿದ್ದರು: "ಇದು ಜನ ಬರುವ ಜಾಗ ಆಗ್ಬೇಕು. ಈ ಸಲವೂ ನಮ್ಮ ಊರಿನವರು ಬಾರದಿದ್ರೆ ನಾನು ಬೇರೆ ದಾರಿ ನೋಡ್ತೇನೆ." ಗೋದಾಮು ಹೋದರೆ ಹಿತೇಶನ ಪಾಲಿಗೆ ಎಲ್ಲವೂ ಹೋದಂತೆ. ಈ ಸದ್ದಿಗಾಗಿ ಮಸ್ಕತ್ತಿನ ಕೆಲಸ ಬಿಟ್ಟು ಬಂದವನು ಅವನು. ಇವನ ತಂಡಕ್ಕೆ ಜಾಗ ಕೊಡುವ ಇನ್ನೊಬ್ಬ ಧೈರ್ಯಶಾಲಿ ಇಡೀ ಕರಾವಳಿಯಲ್ಲೇ ಹುಟ್ಟಿರಲಿಲ್ಲ.

ಒಳಗೆ ಗೇರುಸಿಪ್ಪೆಯ ಹಳೇ ನಾತಕ್ಕೆ ಮಲ್ಲಿಗೆ, ಬೆವರು, ಗಲ್ಫ್ ಸೆಂಟು ಸೇರಿಕೊಂಡು ಗಾಳಿ ಗಂಜಿಯಷ್ಟು ದಪ್ಪವಾಗಿತ್ತು. ಊರಿನ ಈ ಜನರಿಗಾಗಿಯೇ ಅವನು ಇಷ್ಟು ಕಾಲ ಕಾದದ್ದು. ಎದುರಿಗೆ ಕಂಡಾಗ ಮೂಗು ಮುಚ್ಚಿಕೊಂಡ. ಒಬ್ಬ ಹಲ್ಲಿನ ಸಂದಿಯಿಂದ ಬಂಗುಡೆಯ ಮುಳ್ಳು ಕೀಳುತ್ತಿದ್ದ. ಇನ್ನೊಬ್ಬ ತೇಗಿದ. ಆ ತೇಗಿಗೆ ಮಾಡಿನ ಹಂಚು ನಾಲ್ಕು ಜಾರಿದವು.

ಹಿತೇಶನ ಕಾರ್ಯಕ್ರಮದಲ್ಲಿ ದೀಪ ಬೆಳಗುವುದಿಲ್ಲ. ಸ್ವಾಗತ ಭಾಷಣ, ಶಾಲು, ಹಾರ, ವೇದಿಕೆಯ ಗಣ್ಯರು, ಇವುಗಳ ಹೆಸರೆತ್ತಿದರೆ ಅವನಿಗೆ ಮೈಮೇಲೆ ಜಿರಲೆ ಹರಿದಂತಾಗುತ್ತದೆ. ಬ್ಯಾನರು ಕೂಡ ಇಲ್ಲ. ಯಾರೂ ಏನೂ ಹೇಳದೆ ಶೆರ್ವಿನ್ ಎದ್ದು ಹೋಗಿ ಶುರು ಮಾಡಿದ.

ಶೆರ್ವಿನ್ ಎಂದರೆ ಭೂಮಂಡಲದ ಏಕೈಕ ಗ್ರೈಂಡರ್ ವಾದಕ. ದೋಸೆಹಿಟ್ಟು ರುಬ್ಬುವ ಗ್ರೈಂಡರಿಗೆ ಹಿಡಿ ತುಂಬ ತುಕ್ಕು ಮೊಳೆ ಸುರಿದು, ಮೈಕು ಅಂಟಿಸಿ, ಆಳೆತ್ತರದ ಸ್ಪೀಕರುಗಳಿಗೆ ಬಿಟ್ಟ. ಸದ್ದೆಂದರೆ ಅದು ಸದ್ದು! ಕಂಕನಾಡಿಯ ಆಸ್ಪತ್ರೆಗಳಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದವರೆಲ್ಲ ಎದ್ದು ಕೂತು ನೀರು ಕೇಳಿದರು. ನೇತ್ರಾವತಿ ಒಂದು ಗಳಿಗೆ ಘಟ್ಟದ ಕಡೆಗೇ ತಿರುಗಿ ಹರಿಯಿತು.

ಇನ್ನು ಓಡುತ್ತಾರೆ ಎಂದುಕೊಂಡ ಹಿತೇಶ. ಯಾರೂ ಓಡಲಿಲ್ಲ.

ನಡುವಿನ ದಾರಿಯ ಎಡಕ್ಕೊಂದು ಗುಂಪು, ಬಲಕ್ಕೊಂದು ಗುಂಪು. ಎಡದವರು ಬಲದವರ ಮುಖ ನೋಡುತ್ತಿದ್ದರು, ಬಲದವರು ಎಡದವರ ಮುಖ. ಮುಳ್ಳು ಕೀಳುತ್ತಿದ್ದವನು ಎದ್ದು ಹೋಗಿ ಕಂಬಕ್ಕೆ ಅಂಗೈ ಒತ್ತಿ ನಿಂತ. ತೇಗಿದವನು ಹಿಂದಿನ ಮೂಲೆಯಲ್ಲಿ ಒಂದೇ ಒಂದು ಚಪ್ಪಾಳೆ ತಟ್ಟಿ, ತಲೆ ಓರೆ ಮಾಡಿ ಕಾದ. ಮುಂದಿನ ಸಾಲಿನ ಹುಡುಗಿಯೊಬ್ಬಳು ವೇದಿಕೆ ಹತ್ತಿ, ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದು, ನಟ್ಟನಡುವೆ ನಿಂತು, ಕಣ್ಣು ಮುಚ್ಚಿ ನಕ್ಕಳು.

ಹಿತೇಶನಿಗೆ ರೋಮಾಂಚನವಾಯಿತು. ಕಂಬದಲ್ಲಿ ಕಂಪನ ಹುಡುಕುವವರು! ಪ್ರತಿಧ್ವನಿಗೆ ಕಿವಿಗೊಡುವವರು! ಮೊಳೆಯ ಸದ್ದಿಗೆ ಹೆಜ್ಜೆ ಹಾಕುವ ಹುಡುಗಿ! ಜರ್ಮನಿಯಲ್ಲಿ ದುರ್ಬೀನು ಹಿಡಿದು ಹುಡುಕಿದರೂ ಇಂಥ ಕೇಳುಗರು ಸಿಗಲಾರರು. ನೆಲದ ಮೇಲೆ ಹೆಣಗಳ ಹಾಗೆ ಬಿದ್ದುಕೊಂಡಿದ್ದ ತನ್ನ ಎಂಟು ಮಂದಿಯನ್ನು ನೋಡಿದ. ಥೂ!

"ಈ ದಂಡಪಿಂಡಗಳನ್ನು ಇನ್ನು ಕರಿಯುದು ಬೇಡ," ತೃಪ್ತಿಯ ಕಿವಿಯಲ್ಲಿ ಕಿರುಚಿದ.

"ನಿನಗೆ ಹೆಣ್ಣು ಕೊಡದ ಊರು ಇದು, ಕಿವಿ ಕೊಡ್ತದಾ?" ಅವಳೂ ಕಿರುಚಿದಳು. "ಸ್ವಲ್ಪ ತಾಳು ಮಾರಾಯ."

ಗ್ರೈಂಡರು ನಿಂತಿತು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಆಹಾ, ಚಪ್ಪಾಳೆಯೆಂಬ ಹೇಸಿಗೆಯ ಚಟವೂ ಇವರಿಗಿಲ್ಲ!

ವೇದಿಕೆ ಹತ್ತಿದ ಹುಡುಗಿಯ ತಾಯಿ ಗುಣವತಿ ಸೆರಗು ಸರಿಮಾಡಿಕೊಳ್ಳುತ್ತ ಹತ್ತಿರ ಬಂದರು. "ಇದನ್ನು ನಡೆಸುದು ನೀವಾ ಮಗಾ? ಸೌಂಡ್ ಭಾರೀ ಲಾಯ್ಕುಂಟು. ಹಿಂದಿನ ಮೂಲೆಗೂ ಮುಟ್ತದೆ."

"ನಿಮಗೆ ಹಿಂಸೆ ಆಗ್ಲಿಲ್ವಾ ಅಕ್ಕ?"

"ಎಂತ ಹಿಂಸೆ? ಇದೆಲ್ಲ ಮೊದಲಿಗೆ ಹೀಗೇ ಅಲ್ವಾ."

ಇಷ್ಟು ತಿಳಿವಳಿಕೆ! ಹಿತೇಶ ಕೈ ಮುಗಿದ. "ಪುನಃ ಬರ್ತೀರಾ?"

"ಬಾರದೆ ಉಂಟಾ! ಇಡೀ ಕುಟುಂಬ ಬರ್ತೇವೆ. ಸಾವಿರ ಜನಕ್ಕೆ ಕಡಿಮೆ ಇಲ್ಲ."

ಹಿತೇಶನ ಕಣ್ಣಿಂದ ಇಳಿದ ನೀರಿಗೆ ಗುಜ್ಜರಕೆರೆ ತುಂಬಿ ಕೋಡಿ ಬೀಳುವುದೊಂದು ಬಾಕಿ. ಅಷ್ಟರಲ್ಲಿ ಸಂಕಪ್ಪ ಬಂದು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಗೆದ್ದವರ ಮುಖ.

"ಜನ ಬಂದ್ರಲ್ಲ, ನೋಡಿದ್ರಾ ಸಂಕಪ್ಪಣ್ಣ?" ಹಿತೇಶ ಅವರ ಎರಡೂ ಕೈ ಹಿಡಿದುಕೊಂಡ. "ಕೊನೆಯವರೆಗೆ ಕೂತ್ರು! ಇನ್ನು ಗೋದಾಮಿನ ವಿಷಯ..."

"ಅದು ಮುಗೀತಲ್ಲ! ಇವತ್ತು ಮೈಕ್ ಟೆಸ್ಟಿಂಗ್ ಉಂಟು, ಮದುವೆಗೆ ಹಾಲ್ ಆಗ್ತದಾ ಬಂದು ನೋಡಿ ಅಂತ ಹುಡುಗನ ಕಡೆಗೂ ಹುಡುಗಿ ಕಡೆಗೂ ಹೇಳಿದ್ದೆ, ಇಬ್ಬರೂ ಒಪ್ಪಿದ್ರು ಮಾರಾಯ. ನಾಳೆ ಪೈಂಟಿಂಗ್ ಶುರು, ನಿನ್ನ ಗ್ರೈಂಡರ್ ಇವತ್ತೇ ಕೊಂಡುಹೋಗು."